ಬೆರಳು, ಟಾರ್ಚು ಮತ್ತು ನಮ್ಮ ತಪ್ಪು

ಓದುಗರೊಬ್ಬರ ಪತ್ರ: ‘ಸಮೀಪ ಅವಕೆಂಪು (ನಿಯರ್ ಇನ್‌ಫ್ರಾರೆಡ್, ಕಣ್ಣಿಗೆ ಕಾಣುವ ಕೆಂಪಿನ ಆಚೆಯ) ಬೆಳಕು ಮೈಯನ್ನು ದಾಟಿ ಹೋಗುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಹಾಗಿದ್ದರೆ ಎಕ್ಸ್‌ರೇ ಯಾಕೆ ಬೇಕು? ಇನ್ನು, ಆ ಬೆಳಕಿಗಾಗಿ ರಕ್ತಕ್ಕೆ ಲೋಹ ಬಿಡುವುದೆಂದರೆ ವಿಷ ಹಾಕಿದಂತೆ ಅಲ್ವಾ?’

ಸಂಪಾದಕರ ಉತ್ತರ:

ಮೊದಲನೆಯದು ನಮ್ಮದೇ ತಪ್ಪು. ‘ದಾಟಿ ಹೋಗುತ್ತದೆ’ ಎಂದದ್ದು ಜಾಸ್ತಿಯಾಯಿತು. ಉಳಿದ ಬೆಳಕಿಗಿಂತ ತುಸು ಒಳಗೆ ಇಳಿಯುತ್ತದೆ, ಅಷ್ಟೇ. ಕತ್ತಲಲ್ಲಿ ಟಾರ್ಚಿಗೆ ಬೆರಳು ಒತ್ತಿ ನೋಡಿ, ಕೆಂಪಗೆ ಹೊಳೆಯುತ್ತದೆ. ನೀಲಿ, ಹಸಿರನ್ನು ರಕ್ತದ ಹಿಮೋಗ್ಲೋಬಿನ್ ನುಂಗಿಬಿಡುತ್ತದೆ. ಬೆಳಕಿನ ತರಂಗಾಂತರ ಸುಮಾರು 650ರಿಂದ 900 ನ್ಯಾನೋಮೀಟರ್‌ವರೆಗೆ ಇದ್ದಾಗ ಅದರ ಕಾಟ ಕಡಿಮೆ. ಅದರಾಚೆ ನೀರು ನುಂಗತೊಡಗುತ್ತದೆ. ಈ ಸಂದಿಯಲ್ಲೂ ಬೆಳಕು ನೇರ ಸಾಗದು, ಹಾಲಿಗೆ ಬಿದ್ದಂತೆ ಚದುರುತ್ತದೆ. ಚಿಕಿತ್ಸೆಗೆ ಸಾಲುವಷ್ಟು ಬೆಳಕು ಒಂದು ಸೆಂಟಿಮೀಟರ್ ಆಸುಪಾಸು ಇಳಿದರೆ ಹೆಚ್ಚು. ಎಕ್ಸ್‌ರೇ ಕೆಲಸ ಅದರಿಂದ ಆಗದು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರಕ್ತದ ಹರಿವು ನೋಡಲು ಮಾತ್ರ ಧಾರಾಳ ಸಾಕು. ಅದಕ್ಕೆ ಬಳಸುವ ಇಂಡೋಸಯನೈನ್ ಗ್ರೀನ್ ಬಣ್ಣ ಲೋಹದ ನೆರವಿಲ್ಲದೆಯೇ ಹೊಳೆಯುತ್ತದೆ.

ಲೋಹದ ಮಾತಿಗೆ ಸುಮ್ನೆ ಹೌದು, ಅಲ್ಲ ಎಂದರೆ ಮುಗಿಯದು. ಅದು ಬಿಡಿಯಾಗಿದೆಯೋ ಕಟ್ಟಿಹಾಕಿದೆಯೋ ಎಂದು ಕೇಳಬೇಕು. ನಿಮ್ಮ ಹಿಮೋಗ್ಲೋಬಿನ್ನಿನ ಕಬ್ಬಿಣವೇ ಪರಮಾಣುಗಳ ಒಂದು ಉಂಗುರದ ನಡುವೆ ಸಿಕ್ಕಿಕೊಂಡಿದೆ. ಎಲೆಯ ಹಸಿರಿನಲ್ಲಿ ಅಂಥದ್ದೇ ಉಂಗುರ, ನಡುವೆ ಮೆಗ್ನೀಸಿಯಂ. ಕೆಲವು ಬ್ಯಾಕ್ಟೀರಿಯಾಗಳಲ್ಲೂ ಇದರ ದಾಯಾದಿ ಇದೆ. ಅದನ್ನು ಅಷ್ಟಿಷ್ಟು ತಿದ್ದಿ, ಮೆಗ್ನೀಸಿಯಂ ಜಾಗದಲ್ಲಿ ಪಲ್ಲೇಡಿಯಂ ಕೂರಿಸಿದರೆ ಪ್ಯಾಡೆಲಿಪೋರ್ಫಿನ್ ಎಂಬ ಔಷಧಿ. 753 ನ್ಯಾನೋಮೀಟರ್ ಲೇಸರ್ ಬಿದ್ದ ಕಡೆ ಅದು ಆಮ್ಲಜನಕವನ್ನು ಕೆರಳಿಸಿ ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳನ್ನು ಮುಚ್ಚಿಸುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದಿಂದ ಖಾಲಿಯೂ ಆಗುತ್ತದೆ. ಇದು ಪ್ರಾಸ್ಟೇಟ್ ಕ್ಯಾನ್ಸರಿನ ಔಷಧಿ. ಗಂಡಸರ ಮೂತ್ರಕೋಶದ ಕೆಳಗಿರುವ ಆ ಗ್ರಂಥಿ ಇರುವುದು ಆಳದಲ್ಲಿ, ಹಾಗಾಗಿ ತೆಳು ಫೈಬರ್‌ಗಳನ್ನು ಒಳಗೇ ಚುಚ್ಚಿ ಬೆಳಕು ಕೊಡುತ್ತಾರೆ. ನಮ್ಮ ತಪ್ಪಿಗೆ ಬೇರೆ ಸಾಕ್ಷಿ ಬೇಕೇ!

2017ರಲ್ಲಿ ಯುರೋಪ್ ಇದಕ್ಕೆ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಬಹುಮತದಿಂದ ಬೇಡವೆಂದಿತು. ಮೆಲ್ಲಗೆ ಬೆಳೆಯುವ ಕ್ಯಾನ್ಸರಿಗೆ ಇದರಿಂದ ಆಗುವ ಲಾಭ, ತೊಂದರೆಗಳನ್ನು ಮೀರಿಸುತ್ತದೆಯೇ ಎಂಬುದೇ ಅಲ್ಲಿನ ತಕರಾರು.

ಇನ್ನೊಂದು ಲೋಹ ಬಂಗಾರ, ಅದರ ಕಣಗಳ ದಾರಿ ಬೇರೆ. ಸಿಲಿಕಾ ಗುಂಡಿನ ಮೇಲೆ ಬಂಗಾರದ ತೆಳು ಪದರ ಹಚ್ಚಿರುತ್ತಾರೆ. ಸುಮಾರು 800 ನ್ಯಾನೋಮೀಟರ್ ಬೆಳಕು ಕುಡಿದು ಅವು ಬಿಸಿಯೇರಿ ಗಡ್ಡೆಯನ್ನು ಸುಡುತ್ತವೆ. ಬಂಗಾರಕ್ಕೆ ತುಕ್ಕಿಲ್ಲ, ನಿಜ. ಆದರೆ ಗಡ್ಡೆ ಸೇರದ ಕಣಗಳು ಯಕೃತ್ತು, ಗುಲ್ಮಗಳಲ್ಲಿ ಬಹುಕಾಲ ಕೂತುಬಿಡುತ್ತವೆ. ನಿಮ್ಮ ಅಳುಕು ನನಗೂ ಇರುವುದು ಇಲ್ಲೇ.