ಉದ್ರಿ ಪುಸ್ತಕದ ಹಿಂದಿನ ಹಾಳೆಗಳು: ಒಂದು ಆಪ್ತಸಲಹೆ ಪ್ರಕರಣ

ದೇವರ ರಾಜ್ಯದ ಆಶೀರ್ವಾದವು ತಮ್ಮ ಮನೆಯೊಂದನ್ನೇ ಬಿಟ್ಟು ಮುಂದೆ ಹೋಯಿತೆಂದು ನೊಂದುಕೊಂಡು ಬರುವ ವಿಶ್ವಾಸಿಗಳನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅವರಲ್ಲಿ ಒಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ಉತ್ತರ ಕರ್ನಾಟಕದ ಒಂದು ಊರಿನ ಅಂಗನವಾಡಿ ಸಹಾಯಕಿ. ಟೆಂಪೋ ಓಡಿಸುತ್ತಿದ್ದ ಪತಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ರಾಜನ ಮಕ್ಕಳು ರೋಗದಲ್ಲಿಯೂ ಸಾಲದಲ್ಲಿಯೂ ಬಾಳುವುದಿಲ್ಲ, ಬಾಳುತ್ತಿದ್ದರೆ ನಂಬಿಕೆಯಲ್ಲಿಯೇ ಕೊರತೆಯಿದೆ ಎಂದು ಅವರು ಹೋಗುತ್ತಿದ್ದ ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದ್ದರು. ಆ ಮಾತನ್ನು ನಂಬಿ ಅವರು ಮಹಿಳಾ ಸಂಘದಲ್ಲಿ 20,000 ರೂಪಾಯಿ ಸಾಲ ಎತ್ತಿ ಅದರಲ್ಲಿ ಅರ್ಧವನ್ನು ಕಾಣಿಕೆ ಕೊಟ್ಟಿದ್ದರು. ಪತಿಯ ಬಿಪಿ ಮಾತ್ರೆಗಳನ್ನೂ ಒಂಬತ್ತು ದಿನ ನಿಲ್ಲಿಸಿದ್ದರು. ಹೆದರಿದ ಮಗಳು ತಾಯಿಯನ್ನು ಕರೆತಂದಳು. ಮೊದಲ ದಿನ ನಾನು ಬೈಬಲಿನ ವಾಕ್ಯದ ಮಾತನ್ನೇ ಎತ್ತಲಿಲ್ಲ. ಇಲ್ಲಿಂದ ನೇರವಾಗಿ ಡಾಕ್ಟರ ಬಳಿಗೆ ಹೋಗಬೇಕೆಂದಷ್ಟೇ ಹೇಳಿ, ಮಗಳಿಂದ ಫೋನ್ ಬರುವವರೆಗೆ ಕಾದೆ. ಮಾತ್ರೆಯ ವಿಷಯದಲ್ಲಿ ನಾನು ಚರ್ಚೆಗೆ ಕೂರುವವಳಲ್ಲ.

ನಾಲ್ಕನೆಯ ಭೇಟಿಗೆ ಅವರು ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ತಂದಿದ್ದರು. ಮುಂದಿನ ಹಾಳೆಗಳಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕವಿತ್ತು. ಹಿಂದಿನ ಹಾಳೆಗಳಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ‘ಕೊಟ್ಟಿದ್ದು’, ಬಲಕ್ಕೆ ‘ಬಂದದ್ದು’ ಎಂದು ತಲೆಬರಹ ಬರೆದಿದ್ದರು. ಎಡಭಾಗದಲ್ಲಿ ಉಪವಾಸದ ದಿನಗಳು, ಇಡೀ ರಾತ್ರಿಯ ಪ್ರಾರ್ಥನೆಗಳು, ಕಾಣಿಕೆಯ ಮೊತ್ತಗಳು ತುಂಬಿದ್ದವು. ಬಲಭಾಗದಲ್ಲಿದ್ದದ್ದು ಒಂದೇ ಸಾಲು: ‘ಎಡಗೈ ಬೆರಳು ಅಲುಗಿತು.’ ಮರುದಿನ ಬೆರಳು ಅಲುಗದಿದ್ದ ಕಾರಣ ಅದನ್ನೂ ಹೊಡೆದುಹಾಕಿದ್ದರು.

ಇಷ್ಟು ತಿಂಗಳು ಮನೆ ಹೇಗೆ ನಡೆಯಿತೆಂದು ಕೇಳಿದೆ. ಅಂಗಡಿಯವರು ಬಾಕಿಗಾಗಿ ಒಮ್ಮೆಯೂ ಪೀಡಿಸಲಿಲ್ಲ, ನಾದಿನಿಯ ಮಗ ಪ್ರತಿದಿನ ಬೆಳಿಗ್ಗೆ ಬಂದು ಮಾವನನ್ನು ಎತ್ತಿ ಸ್ನಾನ ಮಾಡಿಸಿ ಕಾಲೇಜಿಗೆ ಹೋಗುತ್ತಾನೆ, ಸಭೆಯ ಹೆಂಗಸರು ಸರದಿಯಂತೆ ರೊಟ್ಟಿ ಬಡಿದು ಕಳಿಸುತ್ತಾರೆ ಎಂದು ಹೇಳುತ್ತಾ ಹೋದರು. ಇವುಗಳಲ್ಲಿ ಒಂದನ್ನೂ ಬಲಭಾಗದಲ್ಲಿ ಬರೆದಿಲ್ಲವೇಕೆ ಎಂದಾಗ ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅವು ಆಶೀರ್ವಾದ ಅಲ್ರಿ ಅಕ್ಕಾರ, ಮಂದಿ ಮಾಡಿದ್ದು. ದೇವ್ರು ಏನ್ ಕೊಟ್ಟಾನ ಅಂತ ನಾ ನೋಡಾಕತ್ತೀನಿ” ಎಂದರು.

ನಾನು ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ತೆಗೆದು ಅವರ ಕೈಗೆ ಕೊಟ್ಟು, 29 ಮತ್ತು 30ನೆಯ ವಚನಗಳನ್ನು ಗಟ್ಟಿಯಾಗಿ ಓದಲು ಹೇಳಿದೆ. ತನಗಾಗಿಯೂ ಸುವಾರ್ತೆಗಾಗಿಯೂ ಬಿಟ್ಟು ಬಂದವರಿಗೆ ಈ ಕಾಲದಲ್ಲಿಯೇ ನೂರರಷ್ಟು ಸಿಗುತ್ತದೆ ಎಂದು ಯೇಸು ಅಲ್ಲಿ ಹೇಳುತ್ತಾನೆ. ಆ ನೂರರಷ್ಟರಲ್ಲಿ ಮನೆಗಳೂ ಹೊಲಗಳೂ ಇವೆ, ಆದರೆ ಅವುಗಳ ನಡುವೆ ಎಣಿಸಿರುವವರೆಲ್ಲ ಮನುಷ್ಯರೇ: ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರು, ಮಕ್ಕಳು. ಪಟ್ಟಿಯ ಕೊನೆಯಲ್ಲಿ ಹಿಂಸೆಗಳೂ ಸೇರಿವೆ; ಆಶೀರ್ವಾದದ ಬಗ್ಗೆ ಪ್ರಸಂಗಿಸುವವರು ಈ ವಚನವನ್ನು ಓದುವಾಗ ಆ ಒಂದು ಪದವನ್ನು ಮೆಲ್ಲನೆ ದಾಟಿಬಿಡುವುದನ್ನು ನಾನು ಕೇಳಿದ್ದೇನೆ. ಆ ಸಹಾಯಕಿ ಎರಡು ಸಲ ಓದಿ, ‘ತಾಯಂದಿರು’ ಎಂಬಲ್ಲಿ ಬೆರಳಿಟ್ಟು ಸುಮ್ಮನಾದರು. ರೊಟ್ಟಿ ಕಳಿಸುವವರಲ್ಲಿ ಒಬ್ಬಾಕೆಗೆ ಎಪ್ಪತ್ತು ದಾಟಿದೆಯೆಂದು ಆಮೇಲೆ ತಿಳಿಯಿತು.

ಹಾಗಾದರೆ ಇವನ್ನೆಲ್ಲ ಬಲಭಾಗದಲ್ಲಿ ಬರೆಯಿರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಬೆರಳು ಅಲುಗದ ದಿನ ಆ ಸಾಲನ್ನು ಹೊಡೆದುಹಾಕಿದವರು, ರೊಟ್ಟಿ ಬಾರದ ವಾರ ಇದನ್ನೂ ಹೊಡೆದುಹಾಕುತ್ತಿದ್ದರು. ಪುಸ್ತಕ ತುಂಬುತ್ತಿತ್ತೇ ಹೊರತು ಲೆಕ್ಕ ನಿಲ್ಲುತ್ತಿರಲಿಲ್ಲ. ಆದುದರಿಂದ ಅವರು ದಿನಕ್ಕೆರಡು ಸಲ ಹೇಳುವ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಕಡೆಗೆ ತಿರುಗಿದೆ. ‘ನಿನ್ನ ರಾಜ್ಯವು ಬರಲಿ’ ಎಂದ ಸ್ವಲ್ಪದರಲ್ಲಿಯೇ ತಪ್ಪುಗಳನ್ನು ಕ್ಷಮಿಸು ಎಂದು ಬೇಡುತ್ತೇವೆ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದಕ್ಕೆ ಸಾಲಗಳು ಎಂದೇ ಅರ್ಥ. ಸಾಲವನ್ನು ಮನ್ನಾ ಮಾಡು ಎಂದು ಬೆಳಿಗ್ಗೆ, ಸಂಜೆ ಬೇಡಿಕೊಳ್ಳುವವರು ಅದೇ ರಾಜನ ಹೆಸರಿನಲ್ಲಿ ರಾತ್ರಿ ಬಾಕಿ ಬರೆದಿಡುವುದು ಹೇಗೆ ಸರಿಹೊಂದುತ್ತದೆ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ, ಅತ್ತರು. ಆ ದಿನ ಇನ್ನೇನನ್ನೂ ಮಾತನಾಡಲಿಲ್ಲ.

ಮುಂದಿನ ಭೇಟಿಯಲ್ಲಿ ಕೊಟ್ಟ ಸಲಹೆಗಳು ಬಹಳ ಸಾಮಾನ್ಯವಾದವು. ಸಂಘದ ಕಂತು ತೀರುವವರೆಗೆ ಸಾಲದ ಹಣದಿಂದ ಕಾಣಿಕೆ ಕೊಡಬಾರದು. ಮೋಶೆಯ ಧರ್ಮಶಾಸ್ತ್ರವು ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು, ಕೇಳಿದ್ದು ಹೊಲದ ಬೆಳೆಯಲ್ಲಿ, ದ್ರಾಕ್ಷಾರಸದಲ್ಲಿ, ಎಣ್ಣೆಯಲ್ಲಿ, ದನಕುರಿಗಳ ಹಿಂಡಿನಲ್ಲಿ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದ ಪ್ರಕಾರ ಮೂರನೆಯ ವರ್ಷದ ದಶಮಾಂಶವನ್ನು ದೇವರ ಸೇವೆಗೆ ನೇಮಕವಾದ ಲೇವಿ ಕುಲದವರ ಜೊತೆಗೆ ಪರದೇಶಿಗಳೂ ಅನಾಥರೂ ವಿಧವೆಯರೂ ಹೊಟ್ಟೆತುಂಬ ಉಣ್ಣಬೇಕಿತ್ತು. ಇಲ್ಲದವರಿಂದ ಕಿತ್ತುಕೊಳ್ಳಲು ಆ ವಾಕ್ಯವನ್ನು ಬಳಸುವುದು ಅದನ್ನು ತಲೆಕೆಳಗು ಮಾಡಿದಂತೆ. ಫಿಸಿಯೋಥೆರಪಿಯನ್ನು ಬಿಡಬಾರದು. ಪತಿಗಾಗಿ ಪ್ರಾರ್ಥಿಸಬೇಕು, ಆದರೆ ಪ್ರಾರ್ಥಿಸಿದ ದಿನಗಳನ್ನು ಎಣಿಸಬಾರದು. ಆ ಕೂಟಕ್ಕೆ ಮೂರು ತಿಂಗಳು ಹೋಗಬಾರದು.

ನಾನು ಜನರ ನಂಬಿಕೆಯನ್ನು ತಣ್ಣಗಾಗಿಸುತ್ತಿದ್ದೇನೆಂದು ಹಿರಿಯರೊಬ್ಬರು ಆಕ್ಷೇಪಿಸಿದ್ದಾರೆ. ಕರ್ತನು ಸ್ವಸ್ಥಪಡಿಸುವುದಿಲ್ಲವೆಂದು ನಾನು ಎಂದೂ ಹೇಳಿಲ್ಲ. ಶರೀರದ ಮುಳ್ಳು ಎಂದು ತಾನೇ ಕರೆದ ಬಾಧೆ ತೊಲಗಲೆಂದು ಅಪೊಸ್ತಲ ಪೌಲನು ಮೂರು ಸಲ ಬೇಡಿಕೊಂಡರೂ ಅದು ತೊಲಗಲಿಲ್ಲ. ಕೃಪೆಯೇ ಸಾಕು ಎಂಬ ಉತ್ತರ ಬಂತು. ಅದಕ್ಕಾಗಿ ಪೌಲನ ನಂಬಿಕೆಯನ್ನು ಯಾರೂ ಅಳೆಯುವುದಿಲ್ಲ. ಅಂಗನವಾಡಿ ಸಹಾಯಕಿಯದನ್ನು ಮಾತ್ರ ಅಳೆಯುತ್ತಾರೆ. ಯೇಸುವಿನ ಬೆಟ್ಟದ ಪ್ರಸಂಗದ ಆರಂಭದಲ್ಲಿರುವ, ಇಂಥವರು ಧನ್ಯರು ಎನ್ನುವ ಎಂಟು ಧನ್ಯವಚನಗಳನ್ನು ಗಮನವಿಟ್ಟು ಓದಿದರೆ ನಡುವಿನ ಆರು ವಾಗ್ದಾನಗಳು ಮುಂದೆ ಆಗಲಿರುವುದನ್ನು ಹೇಳುತ್ತವೆ: ಸಮಾಧಾನ ಹೊಂದುವರು, ತೃಪ್ತರಾಗುವರು, ದೇವರನ್ನು ನೋಡುವರು. ಮೊದಲನೆಯದೂ ಎಂಟನೆಯದೂ ಮಾತ್ರ ಈಗಿನದನ್ನು ಹೇಳುತ್ತವೆ: ಪರಲೋಕರಾಜ್ಯವು ಅವರದು. ಈಗಲೇ ಅದನ್ನು ಪಡೆದವರು ಆತ್ಮದಲ್ಲಿ ಬಡವರಾದವರು ಮತ್ತು ನೀತಿಗಾಗಿ ಹಿಂಸೆಪಟ್ಟವರು, ಅಂದರೆ ಎಡಭಾಗದಲ್ಲಿ ಬರೆಯಲು ಏನೂ ಇಲ್ಲದವರು. (ಕನ್ನಡದ ‘ಧನ್ಯ’ ಎಂಬ ಪದ ಹುಟ್ಟಿದ್ದು ಧನದಿಂದ, ಅದು ಇಲ್ಲಿ ಬಡವರ ಪಾಲಿಗೆ ಬಂದಿರುವುದು ನನಗೆ ಯಾವಾಗಲೂ ಸೊಗಸಾಗಿ ಕಾಣುತ್ತದೆ.) ರಾಜ್ಯವನ್ನು ದುಡಿದು ಗಳಿಸಬೇಕಾಗಿಲ್ಲ ಎನ್ನುವುದೇ ಅದರ ಮೊದಲ ಆಶೀರ್ವಾದವೆಂದು ನಂಬಿರುವುದರಿಂದ ನಾನು ಆ ಸಲಹೆಗಳನ್ನು ಕೊಟ್ಟೆ.

ಕೂಟದಿಂದ ದೂರವಿರಿ ಎಂದದ್ದರ ಬಗ್ಗೆ ಮಾತ್ರ ನನಗೆ ಪೂರ್ಣ ನೆಮ್ಮದಿಯಿಲ್ಲ. ಅಲ್ಲಿ ಅವರನ್ನು ಗದರಿಸಿದವರಿದ್ದಂತೆಯೇ, ಪತಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ವರಾಂಡದಲ್ಲಿ ಅವರ ಜೊತೆ ಕುಳಿತ ಇಬ್ಬರು ಗೆಳತಿಯರೂ ಇದ್ದರು. ಆ ಮೂರು ತಿಂಗಳಲ್ಲಿ ಅವರಿಬ್ಬರೂ ಮನೆಗೆ ಬರುವುದನ್ನು ನಿಲ್ಲಿಸಿದರು. ಮನುಷ್ಯರೇ ಆಶೀರ್ವಾದವೆಂದು ಓದಿಸಿದವಳೇ ಇಬ್ಬರನ್ನು ದೂರಮಾಡಿದೆನಲ್ಲ ಎಂಬುದು ಹೊಳೆದಾಗ, ಅವಧಿ ಮುಗಿಯುವುದನ್ನು ಕಾಯದೆ ಗೆಳತಿಯರನ್ನು ನೀವೇ ಊಟಕ್ಕೆ ಕರೆಯಿರಿ ಎಂದು ಹೇಳಿದೆ. ಒಬ್ಬಾಕೆ ಬಂದಿದ್ದಾರೆ.

ಪತಿ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಎಡಗೈ ಹಾಗೆಯೇ ಇದೆ. ಸಂಘದ ಕಂತುಗಳು ಇನ್ನೂ ಇವೆ. ಉದ್ರಿ ಪುಸ್ತಕ ಏನಾಯಿತೆಂದು ಕಳೆದ ಸಲ ಕೇಳಿದೆ. ಮುಂದಿನ ಹಾಳೆಗಳು ಮುಗಿದುದರಿಂದ ಅಂಗಡಿಯವರು ಹಿಂದಿನಿಂದ ಬರೆಯಲಾರಂಭಿಸಿದ್ದಾರಂತೆ. ‘ಬಂದದ್ದು’ ಎಂಬ ತಲೆಬರಹದ ಕೆಳಗೆ ಈಗ ಎರಡು ಕಿಲೋ ಜೋಳವೂ ಅರ್ಧ ಲೀಟರ್ ಎಣ್ಣೆಯೂ ಇವೆಯೆಂದು ಹೇಳಿ ನಕ್ಕರು.