ಲಿನಕ್ಸ್‌ನ ಪವರ್ ಮ್ಯಾನೇಜ್‌ಮೆಂಟ್ ಕೈಪಿಡಿಗಳು ಯಾಕೆ ಇಷ್ಟು ಹಳತಾಗಿರುತ್ತವೆ? ಅಳಿಸಿಬಿಡಬಾರದಾ?

ಕೋಡ್ ಕೆಟ್ಟರೆ ಯಂತ್ರವೇ ತೋರಿಸಿಕೊಡುತ್ತದೆ, ಕೈಪಿಡಿ ತಪ್ಪಾದರೆ ಏನೂ ನಿಲ್ಲುವುದಿಲ್ಲ. ಅದಕ್ಕೇ ಅದು ಹಿಂದೆ ಬೀಳುತ್ತದೆ. ಕೋಡ್ ಬದಲಿಸುವವರು ಒಬ್ಬರು, ಬಳಸುವವರಿಗೆ ವಿವರಿಸಿ ಬರೆಯುವವರು ಹೆಚ್ಚಾಗಿ ಬೇರೆಯವರು. ಅದೂ ಬಿಡುವಾದಾಗ.

ಈ ವಿಷಯದಲ್ಲಿ ತೊಂದರೆ ಜಾಸ್ತಿ, ಯಾಕೆಂದರೆ ಸೆಟ್ಟಿಂಗ್ ಹಾಗೇ ಇದ್ದು ಅದರ ಕೆಲಸ ಬದಲಾಗಿರುತ್ತದೆ. ‘ಪವರ್‌ಸೇವ್’ ಎಂಬ ಸೆಟ್ಟಿಂಗ್ ನೋಡಿ. ಪ್ರೊಸೆಸರ್ ವೇಗ ನಿಯಂತ್ರಿಸುವ ತಂತ್ರಾಂಶವಾದ ಹಳೆಯ ಎಸಿಪಿಐ ಡ್ರೈವರ್‌ನಲ್ಲಿ ಅದು ಪ್ರೊಸೆಸರನ್ನು ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತದೆ. 2013ರಲ್ಲಿ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಸೇರಿದ ಇಂಟೆಲ್ ಪಿ-ಸ್ಟೇಟ್ ಡ್ರೈವರ್ ತಾನೇ ವೇಗ ನಿರ್ಧರಿಸುವಾಗ, ಅದೇ ಪವರ್‌ಸೇವ್ ಕೆಲಸದ ಹೊರೆ ನೋಡಿ ವೇಗವನ್ನು ಏರಿಸಿ ಇಳಿಸುತ್ತದೆ. ‘ಪವರ್‌ಸೇವ್ ಹಾಕಿದರೆ ಲ್ಯಾಪ್‌ಟಾಪ್ ನಿಧಾನ’ ಎಂಬ ಹಳೇ ಸಲಹೆ ಮೊದಲನೆಯದಕ್ಕೆ ಸರಿ. ಎರಡನೆಯದಕ್ಕೆ ಸುಮ್ನೆ ದಾರಿ ತಪ್ಪಿಸುತ್ತದೆ.

ಆದರೂ ಎಲ್ಲವನ್ನೂ ಅಳಿಸುವುದು ಬೇಡ. ಹಳೆಯ ಕರ್ನಲ್ ಓಡಿಸುವ ಯಂತ್ರಗಳು ಇನ್ನೂ ಇವೆ, ಅಲ್ವಾ? ಪುಟದ ತಲೆಯಲ್ಲೇ ಯಾವ ಆವೃತ್ತಿಗೆ, ಯಾವ ಡ್ರೈವರ್‌ಗೆ ಎಂದು ಬರೆದರೆ ಅರ್ಧ ಗೊಂದಲ ಹೋಗುತ್ತದೆ. ಯಂತ್ರವನ್ನು ನಿದ್ರೆಗೆ ಕಳಿಸುತ್ತಿದ್ದ ಪಿಎಂ-ಯುಟಿಲ್ಸ್‌ನಂಥ ಕೈಬಿಟ್ಟ ಉಪಕರಣದ ಪುಟವಾದರೆ, ಆ ಕೆಲಸ ಈಗ ಸಿಸ್ಟಂಡಿ (ಲಿನಕ್ಸ್‌ನ ಸೇವೆಗಳನ್ನು ನಡೆಸುವ ತಂತ್ರಾಂಶ) ಮಾಡುತ್ತದೆ ಎಂಬ ಒಂದು ಸಾಲು ಸಾಕು.

ನನ್ನ ಪ್ರಕಾರ ಗಟ್ಟಿ ಉಪಾಯ ಬೇರೆಯೇ: ಕೈಪಿಡಿಯನ್ನು ಕೋಡ್ ಜೊತೆಗೇ ಇಟ್ಟು, ಎರಡನ್ನೂ ಒಂದೇ ಪ್ಯಾಚ್‌ನಲ್ಲಿ, ಅಂದರೆ ಒಟ್ಟಿಗೆ ಕಳಿಸುವ ಒಂದೇ ಬದಲಾವಣೆಯಲ್ಲಿ, ತಿದ್ದುವುದು. ಕರ್ನಲ್‌ನ ಅಧಿಕೃತ ಕೈಪಿಡಿ ಇರುವುದೂ ಕೋಡ್ ಇರುವ ಕಡೆಯೇ. ಅದನ್ನು ನೋಡಿ ಬೇರೆಯವರು ಬರೆದಿಟ್ಟ ಪುಟಗಳೇ ಬೇಗ ಹಳತಾಗುವುದು.