ನಿವೃತ್ತಿಯ ಮೇಲೆ ಒಬ್ಬ ಇಂಜಿನಿಯರ್ ಹೇಗೆ ಬದುಕಿದರು: ನಮ್ಮ ಪಕ್ಕದ ಮನೆಯ ಕಾಕಾ

ನಿಮ್ಮ ತಂದೆ ಇಂಜಿನಿಯರ್ ಆಗಿದ್ದು ಈಗ ನಿವೃತ್ತರಾಗಿದ್ದಾರೆ, ದಿನವಿಡೀ ಸುಮ್ನೆ ಕುಳಿತಿರುತ್ತಾರೆ, ಇಂಥವರು ನಿವೃತ್ತಿಯನ್ನು ಚೆನ್ನಾಗಿ ಕಳೆದದ್ದನ್ನು ಯಾರಾದರೂ ಕಂಡಿದ್ದೀರಾ ಅಂತ ಕೇಳಿದ್ದೀರಿ. ನಾನು ಕಂಡಿದ್ದೇನೆ. ಬಾಗಲಕೋಟೆಯ ನವನಗರದಲ್ಲಿ, ಅಂದರೆ ಡ್ಯಾಮಿನ ಹಿನ್ನೀರಿಗೆ ಮನೆ ಬಿಟ್ಟವರಿಗೆ ಕಟ್ಟಿದ ಹೊಸ ಊರಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ಓಣಿಯವರೆಲ್ಲ ಅವರನ್ನು ಇಂಜಿನಿಯರ್ ಕಾಕಾ ಅನ್ನುತ್ತಿದ್ದೆವು. ಈಗ ಅವರಿಲ್ಲ.

ಕಾಕಾ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಸರ್ವೆ ಕೆಲಸ ಮಾಡಿದವರು. ಆ ಯೋಜನೆಯ ಆಲಮಟ್ಟಿ ಡ್ಯಾಮಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ, ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ಅಷ್ಟು ವರ್ಷ ಎಳೆದ ಕೆಲಸ. ಕಾಕಾ ಸೇವೆಗೆ ಸೇರಿ, ದುಡಿದು, ನಿವೃತ್ತರಾದದ್ದೂ ಅದರೊಳಗೇ. ಕೃಷ್ಣೆಗೆ ಅಡ್ಡ ಕಟ್ಟಿದ ಮೇಲೆ ನೀರು ಘಟಪ್ರಭೆಯೊಳಗೆ ಹಿಂದಕ್ಕೆ ಸರಿದು ಹಳೇ ಬಾಗಲಕೋಟೆಗೆ ಬಂತು. ಎಲ್ಲಿವರೆಗೆ ಬರುತ್ತದೆ ಅಂತ ಮೊದಲೇ ಅಳೆದು, ಮುಳುಗಡೆಗೆ ಸೇರುವ ಮನೆ ಮನೆಯ ಗೋಡೆಗೆ ನಂಬರ್ ಬರೆಸಿದ ತಂಡದಲ್ಲಿ ಕಾಕಾ ಇದ್ದರು. ನಮ್ಮ ಹಳೇ ಮನೆಗೂ ಅಂಥ ನಂಬರ್ ಬಿದ್ದಿತ್ತು.

ನಿವೃತ್ತರಾದ ಹೊಸದರಲ್ಲಿ ಅವರೂ ನಿಮ್ಮ ತಂದೆಯ ಹಾಗೇ ಇದ್ದರು. ಪೇಪರ್ ಓದುವುದು, ಮಲಗುವುದು, ಟಿವಿ. ಒಂದು ದಿನ ಮನೆಗೆ ಕಡಕ್ ರೊಟ್ಟಿ ಕೊಡಲು ಬಂದ ಅಜ್ಜಿಯೊಬ್ಬರು ಅವರ ಗುರುತು ಹಿಡಿದರು. ನಾನು ಆಗ ಅಲ್ಲೇ ಪಡಸಾಲೆಯಲ್ಲಿದ್ದೆ.

“ಸಾಹೇಬ್ರ, ನಮ್ಮ ಮನಿ ಗ್ವಾಡಿಗೆ ನಂಬರ್ ಬರಿಸಿದವ್ರು ನೀವ ಅಲ್ಲೇನ್ರಿ? ಹೊಳಿ ಇನ್ನೂ ನಮ್ಮ ಕಟ್ಟಿಗೆ ಬಂದಿಲ್ಲ ನೋಡ್ರಿ. ಮತ್ಯಾಕ ಎಬ್ಬಿಸಿದ್ರಿ?”

ಕಾಕಾ ಒಳಗಿಂದ ಪರಾತ, ಅಂದರೆ ಅಂಚಿರುವ ಅಗಲ ತಟ್ಟೆ, ತರಿಸಿದರು. ಅದರಲ್ಲಿ ನೀರು ಹಾಕಿ ಅಲುಗದಂತೆ ಇಟ್ಟರು. ನೀರು ಸಮವಾಗಿ ನಿಂತಿತು. ಆಮೇಲೆ ಒಂದು ಅಂಚಿಗೆ ತಂಬಿಗೆಯಿಂದ ಜೋರಾಗಿ ಸುರಿದರು. ಸುರಿದ ಕಡೆ ನೀರು ಉಬ್ಬಿ ಪರಾತ ದಾಟಿ ನೆಲಕ್ಕೆ ಬಿತ್ತು. ಡ್ಯಾಮಿನ ಹತ್ತಿರ ನೀರು ಸಮುದ್ರಮಟ್ಟದಿಂದ 519.60 ಮೀಟರಿಗೆ ನಿಂತರೂ, ಮಳೆಗಾಲದಲ್ಲಿ ಹೊಳೆ ಮೇಲಿಂದ ತುಂಬಿ ಬರುವಾಗ ಹಿನ್ನೀರಿನ ಈ ತುದಿಯಲ್ಲಿ ಮಟ್ಟ ಇನ್ನೂ ಏರುತ್ತದೆ, ಅದಕ್ಕೇ ಮುಳುಗಡೆಯ ಗೆರೆಯನ್ನು ಮೇಲೆ ಹಾಕಿದ್ದು ಅಂತ ತಿಳಿಸಿ ಹೇಳಿದರು. ಅಜ್ಜಿ ಎಲ್ಲ ಕೇಳಿಸಿಕೊಂಡರು. “ತಿಳೀತ್ರಿ. ಇದನ್ನ ಅವಾಗ ಯಾಕ ಯಾರೂ ಹೇಳ್ಲಿಲ್ಲ?” ಅಂದರು.

ಕಾಕಾ ಮಾತಾಡಲಿಲ್ಲ. ಅಜ್ಜಿ ಹೋದ ಮೇಲೂ ಎಷ್ಟೋ ಹೊತ್ತು ಆ ಪರಾತದ ಮುಂದೆ ಕೂತಿದ್ದರು. ಮಾರನೇ ದಿನ ಅಜ್ಜಿಯ ಮನೆ ಹುಡುಕಿಕೊಂಡು ಹೋದರು. ಹೋಗಿ ನೋಡಿದರೆ ಹಂಚಿಕೆಯಾದ ಪ್ಲಾಟು ಇನ್ನೂ ತೀರಿಹೋದ ಗಂಡನ ಹೆಸರಲ್ಲೇ ಇತ್ತು. ಕಾಗದಪತ್ರ ಎಲ್ಲ ಒಂದು ಸಕ್ಕರೆ ಚೀಲದಲ್ಲಿ.

ಅಲ್ಲಿಂದ ಶುರು. ಬೆಳಗ್ಗೆ ನಾಷ್ಟಾ ಮುಗಿಸಿ ಸ್ಕೂಟರ್ ಹತ್ತಿದರೆ ಮುಳುಗಡೆಯಾದ ಊರವರ ಪುನರ್ವಸತಿ ಕೇಂದ್ರಗಳ ಕಡೆ ಹೊರಟುಬಿಡುತ್ತಿದ್ದರು. ಗುಡಿಕಟ್ಟೆ ಮೇಲೆ ಕೂತು ಜನರ ಉತಾರ (ಜಮೀನಿನ ದಾಖಲೆ), ಹಕ್ಕುಪತ್ರ, ಪರಿಹಾರದ ಅವಾರ್ಡ್ (ಆದೇಶ) ಓದಿ ಹೇಳುವುದು, ವಂಶಾವಳಿ ಬರೆದುಕೊಡುವುದು, ಅರ್ಜಿ ತುಂಬುವುದು. ಸರ್ವೆಗೆ ಬಳಸುತ್ತಿದ್ದಂಥದ್ದೇ ಲೆವೆಲ್ ಬುಕ್ಕಿನಲ್ಲಿ ಪ್ರತಿಯೊಬ್ಬರ ಹೆಸರು, ಏನು ಬಾಕಿ, ಯಾವ ತಾರೀಖಿನೊಳಗೆ, ಎಲ್ಲ ಸಾಲಾಗಿ.

ತಾರೀಖಿನ ವಿಷಯದಲ್ಲಿ ಅವರು ಬಹಳ ಗಟ್ಟಿ. ಹಳೆಯ 1894ರ ಭೂಸ್ವಾಧೀನ ಕಾಯ್ದೆಯಲ್ಲಿ 28ಎ ಅಂತ ಒಂದು ಕಲಂ ಇತ್ತು. ಒಂದೇ ಅಧಿಸೂಚನೆಯಲ್ಲಿ ಹೊಲ ಹೋದ ಪಕ್ಕದವನು ಕೋರ್ಟಿಗೆ ಹೋಗಿ ಪರಿಹಾರ ಜಾಸ್ತಿ ಮಾಡಿಸಿಕೊಂಡರೆ, ಕೋರ್ಟಿಗೆ ಹೋಗದವನೂ ಆ ತೀರ್ಪಿನಿಂದ 3 ತಿಂಗಳೊಳಗೆ ತನಗೂ ಹೆಚ್ಚಿಸಿ ಅಂತ ಅರ್ಜಿ ಹಾಕಬಹುದಿತ್ತು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಆ 3 ತಿಂಗಳಲ್ಲಿ ಎಣಿಸುತ್ತಿರಲಿಲ್ಲ. ಇದು ಗೊತ್ತಿಲ್ಲದೆ ಹಕ್ಕು ಕಳೆದುಕೊಂಡವರನ್ನು ಕಂಡು ಕಾಕಾ ಒದ್ದಾಡುತ್ತಿದ್ದರು. ಯಾವ ಊರಲ್ಲಿ ಯಾರದು ತೀರ್ಪಾಯಿತು ಅಂತ ಕೇಳಿಕೊಂಡು, ಅದೇ ಅಧಿಸೂಚನೆಯಲ್ಲಿದ್ದ ಉಳಿದವರ ಮನೆಗೆ ತಾವೇ ಹೋಗಿ ಹೇಳುತ್ತಿದ್ದರು. ನನ್ನ ಪ್ರಕಾರ ಅವರು ಮಾಡಿದ ಎಲ್ಲಕ್ಕಿಂತ ದೊಡ್ಡ ಕೆಲಸ ಇದು.

ಒಂದು ಶಾಲೆಯ ಅಂಗಳದಲ್ಲಿ ಮಳೆ ಬಂದರೆ ನೀರು ನಿಂತು ಮಕ್ಕಳು ಚಪ್ಪಲಿ ಕೈಲಿ ಹಿಡಿದು ಬರುತ್ತಿದ್ದರು. ಕಾಕಾ ಗೌಂಡಿಗಳು ಬಳಸುವ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿಯನ್ನು ಒಬ್ಬ ಹುಡುಗಿಗೆ, ಇನ್ನೊಂದನ್ನು ಒಬ್ಬ ಹುಡುಗನಿಗೆ ಕೊಟ್ಟರು. ನೀರು ನಿಂತ ಕಡೆ ಇಬ್ಬರೂ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಅಲ್ಲಿಂದ ನೆಲಕ್ಕೆ ಗೇಣು ಹಾಕಿ ಅಳೆದರು. ಗಟಾರದ ಬಾಯಿಗಿಂತ ಅಂಗಳವೇ ನಾಲ್ಕು ಬೆರಳು ತಗ್ಗು! ಊರವರು ಎರಡು ಟ್ರ್ಯಾಕ್ಟರ್ ಗರಸು ತಂದು ಹಾಕಿದರು, ಅಷ್ಟೇ ಸಾಕಾಯಿತು. ಆ ಹುಡುಗಿ ಮುಂದೆ ಡಿಪ್ಲೊಮಾ ಸಿವಿಲ್ ಸೇರಿದಳು. ಕಾಕಾಗೆ ಅದನ್ನು ಹೇಳಲು ಪೇಢೆ ಹಿಡಿದು ಬಂದಿದ್ದಳು.

ಅವರು ಹೋದ ದಿನ ಮನೆ ಮುಂದೆ ಜಾಗ ಸಾಲದೆ ಜನ ಆಚೆ ರಸ್ತೆವರೆಗೂ ನಿಂತಿದ್ದರು. ರೊಟ್ಟಿ ಅಜ್ಜಿ ಅಷ್ಟರಲ್ಲಿ ಇರಲಿಲ್ಲ, ಅವರ ಮಗ ಬಂದಿದ್ದ. ಲೆವೆಲ್ ಬುಕ್ಕನ್ನು ಕಾಕೂ ನನ್ನ ಕೈಗೆ ಕೊಟ್ಟರು. ಅದರಲ್ಲಿ ಇನ್ನೂ ಗೆರೆ ಹೊಡೆಯದ ಹನ್ನೊಂದು ಹೆಸರಿದ್ದವು. ಕಾಕಾನ ಹಳೇ ಸಹೋದ್ಯೋಗಿಯೊಬ್ಬರು ಮತ್ತು ನಾನು ಸೇರಿ ಇದುವರೆಗೆ ಏಳು ಮುಗಿಸಿದ್ದೇವೆ.

ನಿಮ್ಮ ತಂದೆ ಯಾವ ಇಲಾಖೆಯಲ್ಲಿದ್ದರು ಅಂತ ನೀವು ಬರೆದಿಲ್ಲ. ನೀರಾವರಿ ಇರಲಿ, ರಸ್ತೆ ಇರಲಿ, ಅವರು ದುಡಿದ ಯಾವುದಾದರೂ ಒಂದು ಊರಿಗೆ ಒಮ್ಮೆ ಅವರನ್ನು ಕರೆದುಕೊಂಡು ಹೋಗಿ. ಅರ್ಧ ದಿನ ಕಟ್ಟೆ ಮೇಲೆ ಕೂರಲಿ, ಜನ ಏನು ಕೇಳುತ್ತಾರೋ ಕೇಳಲಿ. ನೀವು ನಮ್ಮ ಕಡೆಯವರಾಗಿದ್ದರೆ ನವನಗರಕ್ಕೇ ಕರೆತನ್ನಿ. ಉಳಿದ ನಾಲ್ಕು ಹೆಸರಿನವರ ಕಾಗದ ಓದಲು ನಮಗೂ ಒಬ್ಬರು ಬೇಕಾಗಿದ್ದಾರೆ.